ಒಲೆಗೆ ಬಾಗಿಲಿಲ್ಲ, ಗ್ಯಾರಂಟಿಗೆ ಬೆಲೆಯಿಲ್ಲ!

ಬೆಳಿಗ್ಗೆ ಏಳೂವರೆಯ ಖಾಸಗಿ ಬಸ್ಸು. ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗಕ್ಕೆ ಬರುವ ಬೆಳಗಿನ ಬಸ್ಸು ಅಂದರೆ ಹೇಳಬೇಕೇ? ಕಾಲಿಡಲು ಜಾಗವಿಲ್ಲ. ಕಾಲೇಜು ಹುಡುಗರು, ಆಸ್ಪತ್ರೆಗೆ ಹೊರಟವರು, ಕೋರ್ಟು ಕಚೇರಿಗೆ ಹೊರಟವರು, ಪೇಟೆ ಸಾಮಾನಿಗೆ ಹೊರಟ ಅಂಗಡಿಯವರು. ಅವರ ನಡುವೆ ಐವತ್ತು ದಾಟಿದ ಒಬ್ಬ ಗೃಹಸ್ಥರು ಗೋಣಿಚೀಲದಲ್ಲಿ ಸುತ್ತಿದ ಭಾರದ ವಸ್ತುವೊಂದನ್ನು ತೊಡೆಯ ಮೇಲಿಟ್ಟುಕೊಂಡು, ಮಗುವನ್ನು ಹಿಡಿದಂತೆ ಹಿಡಿದು ಕುಳಿತಿದ್ದರು.

"ಏನ್ರೀ ಅದು? ಲಗೇಜ್ ಟಿಕೆಟ್ ಹರೀಬೇಕಾ?" ಎಂದರು ಕಂಡಕ್ಟರು.

"ಒಲೆ ಬಾಗ್ಲು ಮಾರಾಯ್ರೆ. ಇದು ಪೇಟೆಗೆ ಹೊರಟಿದ್ದು ಮೂರನೇ ಸಲ. ಇದಕ್ಕೂ ಟಿಕೆಟ್ ಹರೀತೀರಿ ಅಂದ್ರೆ ಪಾಸೇ ಮಾಡಿಸ್ಬೇಕಾಗ್ತದೆ!"

ಮುಂದಿನ ನಾಲ್ಕು ಸೀಟಿನವರು ನಕ್ಕರು. ಕಂಡಕ್ಟರೂ ನಕ್ಕು ಮುಂದೆ ಹೋದರು. ನಗದೇ ಕುಳಿತವರು ಬಾಗಿಲು ಹೊತ್ತವರು ಒಬ್ಬರೇ. ನಗಲು ಅವರಿಗೆ ಕಾರಣವಿರಲಿಲ್ಲ.

ಅವರದು ತಾಲ್ಲೂಕಿನ ಒಂದು ಕ್ರಾಸಿನಲ್ಲಿ ಚಹಾ ಹೋಟೆಲು. ನಾಲ್ಕು ಬೆಂಚು, ಒಂದು ಗಾಜಿನ ಕಪಾಟು, ಹಿಂದೆ ತಗಡಿನ ಮಾಡು. ದುಡಿಯುವವರು ಗಂಡ, ಹೆಂಡತಿ, ಒಬ್ಬ ಅಕ್ಕನ ಮಗ. ಗ್ಯಾಸಿನ ಖರ್ಚು ತಡೆಯದೆ, ಇಡ್ಲಿಗೂ ಬಿಸಿನೀರಿಗೂ ಆಗಲಿ ಎಂದು ಶಿವಮೊಗ್ಗದ ಅಂಗಡಿಯೊಂದರಲ್ಲಿ 9,500 ರೂಪಾಯಿ ಕೊಟ್ಟು ಕಬ್ಬಿಣದ ಸೌದೆ ಒಲೆ ತಂದರು. ಅಡಿಯಲ್ಲಿ ಬೂದಿ ತಟ್ಟೆ, ನಡುವೆ ಜಾಲರಿ, ಹಿಂದೆ ಹೊಗೆ ಕೊಳವೆ, ಮುಂದೆ ಬೀಡು ಕಬ್ಬಿಣದ ಬಾಗಿಲು. ಜೊತೆಗೆ ಬಣ್ಣದ ಕಾರ್ಡು. ಅದರ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: "ಒಂದು ವರ್ಷ ಗ್ಯಾರಂಟಿ".

ಎರಡೂವರೆ ತಿಂಗಳಿಗೆ ಬಾಗಿಲು ಕೀಲಿನ ಹತ್ತಿರ ಬಿರುಕು ಬಿಟ್ಟಿತು. ಮತ್ತೆ ವಾರ ಕಳೆಯುವುದರೊಳಗೆ ಎರಡು ತುಂಡು.

ಒಂದು ಬಾಗಿಲಿಗೆ ಇಷ್ಟು ಗಲಾಟೆಯೇ?

ಪೇಟೆಯಲ್ಲಿ ಗ್ಯಾಸ್ ಒಲೆಯ ಗುಬುಟು ತಿರುಗಿಸಿ ಕಾಫಿ ಕಾಸುವವರಿಗೆ ಹೀಗೆ ಅನ್ನಿಸಬಹುದು. "ಬಾಗಿಲಿಲ್ಲದಿದ್ರೆ ಏನಾಯ್ತು, ಅಜ್ಜಿ ಕಾಲದ ಒಲೆಗೆ ಬಾಗಿಲಿತ್ತಾ?" ಎಂದು ಕೇಳುವವರೂ ಇದ್ದಾರೆ.

ಇರಲಿಲ್ಲ, ನಿಜ. ಅಜ್ಜಿಯ ಕಣ್ಣು ಹೊಗೆಯಲ್ಲಿ ಹೋಯಿತು ಅನ್ನುವುದೂ ನಿಜ. ಬಾಗಿಲಿನ ಒಲೆ ಬೇರೆ ಜಾತಿ. ಅದರಲ್ಲಿ ಗಾಳಿ ಅಡಿಯಿಂದ, ಜಾಲರಿಯ ಸಂದಿನಿಂದ, ಬೇಕಾದಷ್ಟೇ ಬರಬೇಕು. ಬಾಯಿ ಮುಚ್ಚಿರಬೇಕು. ಆಗ ಸೌದೆ ನಿಧಾನವಾಗಿ, ಪೂರ್ತಿಯಾಗಿ ಉರಿದು ಕಾವು ಪಾತ್ರೆಗೆ ತಗಲುತ್ತದೆ, ಹೊಗೆ ಕೊಳವೆ ಹಿಡಿದು ಹೊರಗೆ ಹೋಗುತ್ತದೆ. ಬಾಯಿ ತೆರೆದಿದ್ದರೆ ತಣ್ಣನೆ ಗಾಳಿ ಬೇಡದಷ್ಟು ನುಗ್ಗಿ, ಅರ್ಧ ಕಾವನ್ನು ಕೊಳವೆಯಲ್ಲೇ ಹೊತ್ತುಕೊಂಡು ಹೋಗುತ್ತದೆ. ಉಳಿದದ್ದು ಅಡುಗೆ ಮಾಡುವವರ ಮುಖಕ್ಕೆ ಹೊಡೆಯುತ್ತದೆ.

ಈ ಲೆಕ್ಕ ಕನ್ನಡ ನಾಡಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ವಿಜ್ಞಾನ ಮುಟ್ಟಿಸಲೆಂದು 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ಕಡಿಮೆ ಸೌದೆ, ಕಡಿಮೆ ಹೊಗೆಯ ಒಲೆ ಮಾಡಿ ಕೊಟ್ಟರು. 'ಅಸ್ತ್ರ ಒಲೆ' ಎಂದೇ ಅದು ಮನೆಮಾತಾಯಿತು. ಕೇಂದ್ರ ಸರ್ಕಾರವೂ 1983ರಿಂದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ನಡೆಸಿ 2002ರಲ್ಲಿ ಕೈಬಿಟ್ಟಿತು. ಆ ಮೇಲೆ ಒಲೆ ಅನ್ನುವುದು ಬಹುಮಟ್ಟಿಗೆ ಅಂಗಡಿಯ ಸಾಮಾನಾಯಿತು. ಅಂಗಡಿಯ ಸಾಮಾನಾದ ಮೇಲೆ ಅಂಗಡಿಯ ಧರ್ಮ ಅದಕ್ಕೆ ಬರಬೇಡವೇ?

ಚಹಾ ಹೋಟೆಲಿನವರು ಬಾಗಿಲು ಮುರಿದ ಮೇಲೆ ಒಲೆ ಬಾಯಿಗೆ ತಗಡು ಒರಗಿಸಿ, ತಗಡಿಗೆ ಇಟ್ಟಿಗೆ ಒರಗಿಸಿದರು. ಸೌದೆ ತಿನ್ನುವುದು ಹೆಚ್ಚಿತು. ಹೊಗೆ ಬೆಂಚಿನವರೆಗೆ ಬಂತು. "ಏನ್ ಸ್ವಾಮಿ, ಚಹಾ ಕುಡಿಸ್ತೀರೋ, ಧೂಪ ಹಾಕ್ತೀರೋ?" ಎಂದು ಗಿರಾಕಿಗಳು ಕೇಳಿದರು. ಅದೂ ತಡೆದುಕೊಂಡಾಯಿತು. ಒಂದು ಸಂಜೆ ತಗಡು ಜಾರಿ, ಕೆಂಡ ಉರುಳಿ, ಕಿಡಿ ಹಾರಿ ಹೋಟೆಲಿನ ಅಮ್ಮನವರ ಸೆರಗಿನಲ್ಲಿ ಅಂಗೈಯಗಲ ತೂತಾಯಿತು. ಅಕ್ಕನ ಮಗ ಹತ್ತಿರವೇ ಇದ್ದ, ಕೊಡದ ನೀರು ಸುರಿದ. ಇಲ್ಲದಿದ್ದರೆ ಈ ಕಥೆ ಈ ಅಂಕಣದಲ್ಲಿ ಬರುತ್ತಿರಲಿಲ್ಲ, ಮೊದಲ ಪುಟದಲ್ಲಿ ಬರುತ್ತಿತ್ತು.

ಆದ್ದರಿಂದ "ಒಂದು ಬಾಗಿಲಿಗೆ ಇಷ್ಟು ಗಲಾಟೆಯೇ" ಎಂದು ಯಾರೂ ಕೇಳಬಾರದು.

ಮೂರು ಪ್ರಯಾಣ, ಮೂರು ಉತ್ತರ

ಮೊದಲನೇ ಸಲ ಬಾಗಿಲು ಹೊತ್ತು ಬಂದಾಗ ಅಂಗಡಿಯಲ್ಲಿ ಹುಡುಗರು ಮಾತ್ರ ಇದ್ದರು. "ಯಜಮಾನ್ರು ಮದುವೆಗೆ ಹೋಗಿದಾರೆ. ಬಾಗಿಲು ಇಟ್ಟು ಹೋಗಿ, ಕಂಪನಿಗೆ ಹೇಳ್ತೀವಿ." ಇವರು ಇಟ್ಟು ಹೋಗಲಿಲ್ಲ. ಅಷ್ಟು ಬುದ್ಧಿ ಒಳ್ಳೆಯ ವೇಳೆಗೆ ಬಂತು. ರಸೀದಿ ಇಲ್ಲದೆ ಇಟ್ಟು ಹೋದ ಸಾಮಾನು ಎಷ್ಟು ಜನರದ್ದು ಅಂಗಡಿ ಅಟ್ಟದಲ್ಲಿ ಧೂಳು ತಿನ್ನುತ್ತಿದೆಯೋ!

ಎರಡನೇ ಸಲ ಯಜಮಾನರು ಸಿಕ್ಕರು. ಬಾಗಿಲನ್ನು ತಿರುಗಿಸಿ ಮುರುಗಿಸಿ ನೋಡಿ ತೀರ್ಪು ಕೊಟ್ಟರು:

"ಬಿಸಿ ಇರೋವಾಗ ನೀರು ಹಾಕಿದೀರಿ. ಬೀಡು ಕಬ್ಬಿಣ ಅದಕ್ಕೇ ಸೀಳಿದೆ."

"ಇಲ್ಲ ಸಾಹುಕಾರ್ರೆ, ಒಲೆಗೆ ಯಾರಾದ್ರೂ ನೀರು ಹಾಕ್ತಾರಾ?"

"ಚಹಾ ಉಕ್ಕಿರ್ತದೆ. ನಿಮಗೆ ಗೊತ್ತಾಗಿರಲ್ಲ."

ಚಹಾ ಉಕ್ಕುವುದು ಮೇಲೆ, ಬಾಗಿಲಿರುವುದು ಮುಂದೆ, ಒಡೆದದ್ದು ಪಕ್ಕದ ಕೀಲಿನ ಬುಡದಲ್ಲಿ. ಆದರೆ ಗಲ್ಲಾಪೆಟ್ಟಿಗೆಯ ಆಚೆ ಕುಳಿತವರ ಮಾತಿಗೆ ಈಚೆ ನಿಂತವರು ಎದುರಾಡುವುದು ಸುಲಭವಲ್ಲ.

ಮೂರನೇ ಸಲ, ಅಂದರೆ ಬಸ್ಸಿನಲ್ಲಿ ಎಲ್ಲರೂ ನಕ್ಕ ದಿನ, ಹೊಸ ಉತ್ತರ ಸಿಕ್ಕಿತು: "ಎರಕದ ಭಾಗಕ್ಕೆ ಗ್ಯಾರಂಟಿ ಬರಲ್ಲ. ಒಲೆ ಮೈಗೆ ಮಾತ್ರ. ಬೇಕಾದ್ರೆ ಹೊಸ ಬಾಗ್ಲು ತರಿಸಿಕೊಡ್ತೀವಿ, 1,400 ಆಗ್ತದೆ."

ಕಾರ್ಡಿನಲ್ಲಿ ಹಾಗೆಂದು ಎಲ್ಲೂ ಬರೆದಿರಲಿಲ್ಲ. ಅಂಗಡಿಯವರೇ ಆ ಹೊತ್ತಿಗೆ ಬಾಯಲ್ಲಿ ಬರೆದದ್ದು ಅದು.

2023ರ ವಿಧಾನಸಭಾ ಚುನಾವಣೆಯಿಂದ ಈಚೆಗೆ ಕರ್ನಾಟಕದಲ್ಲಿ 'ಗ್ಯಾರಂಟಿ' ಅನ್ನುವ ಮಾತು ಹಾಲು ಕುಡಿಯುವ ಮಗುವಿಗೂ ಗೊತ್ತು. ಸರ್ಕಾರದ ಗ್ಯಾರಂಟಿ ಒಂದು ತಿಂಗಳು ತಡವಾದರೆ ಬೀದಿಯಲ್ಲಿ ಕೂಗುವ ಜನ, ಅಂಗಡಿಯ ಗ್ಯಾರಂಟಿ ತಪ್ಪಿದರೆ ಗೋಣಿಚೀಲ ಸುತ್ತಿಕೊಂಡು ಸುಮ್ಮನೆ ಬಸ್ ಹತ್ತುತ್ತಾರೆ. ಯಾಕೆ?

ಮುರಿದ ಕಬ್ಬಿಣ ಮಾತಾಡುತ್ತದೆ

ಅಂಗಡಿಯವರ "ನೀರು ಹಾಕಿದೀರಿ" ಅನ್ನುವ ಮಾತು ಪೂರ್ತಿ ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಬೀಡು ಕಬ್ಬಿಣ ಕಾವು ತಡೆಯುತ್ತದೆ, ಆದರೆ ಬಗ್ಗುವುದಿಲ್ಲ. ಕಾದಾಗ ತಣ್ಣೀರು ಬಿದ್ದರೆ ಅಥವಾ ಕೊಡತಿಯಂಥ ಸೌದೆಯಿಂದ ಗುದ್ದಿದರೆ ಸೀಳುತ್ತದೆ. ಹಾಗೆ ಕೆಡಿಸಿಕೊಂಡು ಬಂದು "ಬದಲಿಸಿ ಕೊಡಿ" ಎಂದು ಜಗಳ ತೆಗೆಯುವ ಗಿರಾಕಿಗಳೂ ಊರಲ್ಲಿದ್ದಾರೆ.

ಆದರೆ ಕಬ್ಬಿಣಕ್ಕೆ ಬಾಯಿ ಇದೆ. ಮುರಿದ ಮುಖವನ್ನು ನೋಡಿದರೆ ಬಹಳ ಮಟ್ಟಿಗೆ ಗೊತ್ತಾಗುತ್ತದೆ. ಹೊಸದಾಗಿ ಒಡೆದದ್ದಾದರೆ ಒಡೆದ ಅಂಚು ಉದ್ದಕ್ಕೂ ಒಂದೇ ಬೂದು ಬಣ್ಣ, ಹರಳು ಹರಳಾಗಿ ಹೊಳೆಯುತ್ತದೆ. ಅಂಚಿನ ಒಂದು ಭಾಗ ಮೊದಲೇ ಕಪ್ಪಾಗಿದ್ದರೆ, ತುಕ್ಕು ಹಿಡಿದಿದ್ದರೆ, ಬಿರುಕು ಹಳೆಯದು. ಒಳಗೆ ಸಾಸಿವೆಯಷ್ಟು, ಕಡಲೆಯಷ್ಟು ತೂತುಗಳು ಕಂಡರೆ ಎರಕ ಹೊಯ್ಯುವಾಗ ಗಾಳಿ ಸಿಕ್ಕಿಕೊಂಡದ್ದು. ಅದು ಒಲೆ ಉರಿಸಿದವರ ತಪ್ಪಲ್ಲ, ಎರಕ ಹೊಯ್ದವರದ್ದು.

ಗಾಂಧಿ ಬಜಾರಿನ ಆಚೆ ವೆಲ್ಡಿಂಗ್ ಅಂಗಡಿ ಇಟ್ಟ ಒಬ್ಬ ಹಿರಿಯ ಮೇಸ್ತ್ರಿ ಚಹಾ ಹೋಟೆಲಿನವರಿಗೆ ಇದನ್ನು ತೋರಿಸಿಕೊಟ್ಟರು. ಕೀಲಿನ ಬುಡದಲ್ಲಿ ಎರಡು ಗುಳಿ, ಪಕ್ಕದಲ್ಲಿ ಕಪ್ಪು ಗೆರೆ. "ಇದು ಅಂಗಡಿಗೆ ಬರೋಕೆ ಮುಂಚೇನೇ ಒಡೆದಿದ್ದ ಬಾಗ್ಲು ಅಣ್ಣ. ಬಣ್ಣ ಮೇಲೆ ಬಳಿದಿದಾರೆ ಅಷ್ಟೆ."

ಮೇಸ್ತ್ರಿ ಇನ್ನೊಂದು ಒಳ್ಳೆ ಮಾತು ಹೇಳಿದರು. "ಬೆಸುಗೆ ಹಾಕಿ ಕೊಡು ಅಂತ ಕೇಳ್ಬೇಡಿ. ಬೀಡಿಗೆ ಸಾದಾ ವೆಲ್ಡಿಂಗ್ ನಿಲ್ಲಲ್ಲ, ಪಕ್ಕದಲ್ಲೇ ಮತ್ತೆ ಸೀಳ್ತದೆ. ಮತ್ತೆ ನಾನು ಕೈ ಹಾಕಿದೆ ಅಂದ್ರೆ ಕಂಪನಿಯವ್ರು 'ಹೊರಗಡೆ ರಿಪೇರಿ ಮಾಡಿಸಿದೀರಿ' ಅಂತ ಕೈ ತೊಳ್ಕೋತಾರೆ." ಇಪ್ಪತ್ತು ರೂಪಾಯಿಯನ್ನೂ ಕೇಳದೆ ಕಳಿಸಿಕೊಟ್ಟರು. ಇಂಥ ಮೇಸ್ತ್ರಿಗಳಿಂದಲೇ ಪೇಟೆಯ ಮಾನ ಉಳಿದಿದೆ.

ಕಾನೂನು ಏನನ್ನುತ್ತದೆ?

ಬಹಳ ಜನ ತಿಳಿದಿರುವುದು ಹೀಗೆ: ಮಾಡಿದ್ದು ಕಂಪನಿ, ಆದ್ದರಿಂದ ಕೇಳಬೇಕಾದ್ದು ಕಂಪನಿಯನ್ನು, ಅಂಗಡಿಯವರು ನಡುವಿನವರು ಮಾತ್ರ. ಇದು ತಪ್ಪು ತಿಳಿವಳಿಕೆ. ದುಡ್ಡು ಎಣಿಸಿಕೊಂಡವರು ಯಾರೋ ವ್ಯಾಪಾರ ಮಾಡಿದವರು ಅವರು. 1930ರ ಸರಕು ಮಾರಾಟ ಕಾಯ್ದೆಯ ಕಾಲದಿಂದಲೂ, ನೋಡಿದರೆ ಕಾಣದ ದೋಷ ಇರುವ ಸರಕನ್ನು ಮಾರಿದವರು ಅದಕ್ಕೆ ಜವಾಬು ಹೇಳಬೇಕು. ಬಣ್ಣದ ಕೆಳಗಿನ ಗುಳಿ ಯಾವ ಗಿರಾಕಿಯ ಕಣ್ಣಿಗೆ ಕಂಡೀತು?

ಆದರೆ ಆ ಕಾಯ್ದೆ ಹಿಡಿದು ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಿ ಒಲೆ ಬಾಗಿಲಿಗೆ ದಾವೆ ಹೂಡುವವರು ಯಾರು? ಅದಕ್ಕೇ 1986ರಲ್ಲಿ ಗ್ರಾಹಕರ ರಕ್ಷಣಾ ಕಾಯ್ದೆ ಬಂತು. ಅದರ ಜಾಗಕ್ಕೆ 2019ರಲ್ಲಿ ಹೊಸ ಕಾಯ್ದೆ ಆಗಿ, 2020ರ ಜುಲೈಯಿಂದ ಜಾರಿಯಲ್ಲಿದೆ. ಬಸ್ಸಿನಲ್ಲಿ ಓಡಾಡುವವರಿಗೂ ಅಂಗಡಿಯಲ್ಲಿ ಕುಳಿತವರಿಗೂ ಗೊತ್ತಿರಬೇಕಾದ್ದು ಇಷ್ಟು:

ಬಿಲ್ಲು ಕೊಡದಿರುವುದೇ ಒಂದು ಅನುಚಿತ ವ್ಯಾಪಾರ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಬಿಲ್ಲಿನಲ್ಲಿ ಏನೂ ಹೇಳದಿದ್ದರೆ 30 ದಿನದೊಳಗೆ, ವಾಪಸ್ ಪಡೆಯಲು ಒಪ್ಪದೆ ದುಡ್ಡು ಹಿಂದಿರುಗಿಸದಿರುವುದೂ ಅನುಚಿತ ವ್ಯಾಪಾರ. ಹೀಗಿರುವಾಗ "ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯಲಾಗುವುದಿಲ್ಲ" ಎಂದು ಗೋಡೆಯ ಮೇಲೆ ಬರೆಸಿದ ಮಾತ್ರಕ್ಕೆ ಕೆಟ್ಟ ಮಾಲು ಒಳ್ಳೆಯದಾಗುವುದಿಲ್ಲ. ಗೋಡೆಯ ಬರಹ ಗೋಡೆಗೆ, ಕಾನೂನು ಊರಿಗೆ.

ದೂರನ್ನು ಮಾರಿದವರು, ತಯಾರಿಸಿದವರು ಇಬ್ಬರ ಮೇಲೂ ಕೊಡಬಹುದು. ಇವರು ಅವರನ್ನು ತೋರಿಸುವುದು, ಅವರು ಇವರನ್ನು ತೋರಿಸುವುದು ಆಗ ನಿಲ್ಲುತ್ತದೆ. ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗಿನ ವ್ಯವಹಾರಗಳು ಜಿಲ್ಲಾ ಗ್ರಾಹಕ ಆಯೋಗಕ್ಕೆ ಸೇರುತ್ತವೆ. 5 ಲಕ್ಷದವರೆಗೆ ಶುಲ್ಕವೇ ಇಲ್ಲ. ವಕೀಲರು ಬೇಕೇಬೇಕೆಂದಿಲ್ಲ, ನೊಂದವರೇ ನಿಂತು ಹೇಳಬಹುದು. ತೊಂದರೆ ಶುರುವಾದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. ಕಂಪನಿ ಯಾವ ರಾಜ್ಯದಲ್ಲೇ ಇರಲಿ, ಗಿರಾಕಿ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಇದು 2019ರ ಕಾಯ್ದೆ ತಂದ ದೊಡ್ಡ ಉಪಕಾರ. ಅದಕ್ಕೂ ಮುಂಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಹೇಳಿಕೊಳ್ಳಬಹುದು.

ಆಯೋಗ ಏನು ಕೊಡಿಸಬಹುದು? ದೋಷ ಸರಿಪಡಿಸಿ ಕೊಡಿ ಅನ್ನಬಹುದು, ಹೊಸದು ಕೊಡಿ ಅನ್ನಬಹುದು, ದುಡ್ಡು ವಾಪಸ್ ಮಾಡಿ ಅನ್ನಬಹುದು, ಆದ ನಷ್ಟಕ್ಕೆ ಪರಿಹಾರ ಕೊಡಿಸಬಹುದು. ಎರಕದ ದೋಷವೋ ಗಿರಾಕಿಯ ತಪ್ಪೋ ಎಂಬ ತಕರಾರಿದ್ದರೆ ಪ್ರಯೋಗಾಲಯಕ್ಕೆ ಕಳಿಸಿ ನೋಡಿಸಬಹುದು. ಆಜ್ಞೆ ಪಾಲಿಸದಿದ್ದರೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸಜೆ ಇಲ್ಲವೇ 25,000ಕ್ಕೆ ಕಡಿಮೆಯಿಲ್ಲದ ದಂಡ ಅಥವಾ ಎರಡೂ.

ಎದುರು ಪಕ್ಷಕ್ಕೆ ನೋಟೀಸು ತಲುಪಿದ ಮೇಲೆ 3 ತಿಂಗಳಲ್ಲಿ, ಪರೀಕ್ಷೆ ಬೇಕಾದ ದೂರಾದರೆ 5 ತಿಂಗಳಲ್ಲಿ ತೀರ್ಮಾನಕ್ಕೆ ಪ್ರಯತ್ನಿಸಬೇಕು ಎಂದು ಪುಸ್ತಕದಲ್ಲಿದೆ. ಪುಸ್ತಕದ ತಿಂಗಳಿಗೂ ಕಚೇರಿಯ ತಿಂಗಳಿಗೂ ವ್ಯತ್ಯಾಸ ಇರುವುದು ಎಲ್ಲರಿಗೂ ಗೊತ್ತು. ವಾಯಿದೆ ಮೇಲೆ ವಾಯಿದೆ ಬಿದ್ದರೆ ದಿನಗೂಲಿ ಬಿಟ್ಟು ಓಡಾಡುವವರು ಸೋಲುತ್ತಾರೆ. ಈ ಮಾತನ್ನು ಆಯೋಗದ ಮೇಲೆ ಕೂತವರೂ, ಖಾಲಿ ಹುದ್ದೆ ತುಂಬಬೇಕಾದ ಸರ್ಕಾರವೂ ಮರೆಯಬಾರದು.

ಹೋಟೆಲಿನವರು ಗ್ರಾಹಕರೇ?

ಮೂರನೇ ಭೇಟಿಯಲ್ಲಿ ಅಂಗಡಿಯವರು ಇನ್ನೊಂದು ಬಾಣ ಬಿಟ್ಟಿದ್ದರು: "ನೀವು ಹೋಟೆಲ್‌ಗೆ ಅಂತ ತಗೊಂಡಿದ್ದು. ವ್ಯಾಪಾರಕ್ಕೆ ತಗೊಂಡವ್ರಿಗೆ ಗ್ರಾಹಕ ಕಾನೂನು ಬರಲ್ಲ, ಹೋಗಿ ಎಲ್ಲಿ ಬೇಕಾದ್ರೂ ಕೇಳ್ಕೊಳ್ಳಿ."

ಅರ್ಧ ಕಾನೂನು ಓದಿದವರು ಹೀಗೇ ಹೇಳುವುದು. ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಎಂದು ಕಾಯ್ದೆಯಲ್ಲಿದೆ, ಸರಿ. ಆದರೆ ಅದರ ಕೆಳಗೇ ವಿವರಣೆ ಇದೆ. ಸ್ವಂತ ಉದ್ಯೋಗದಿಂದ ಹೊಟ್ಟೆಪಾಡು ನಡೆಸಲಿಕ್ಕೆಂದೇ ಕೊಂಡು, ತಾನೇ ಬಳಸುವ ಸರಕಾದರೆ ಅದು ವ್ಯಾಪಾರದ ಉದ್ದೇಶದಲ್ಲಿ ಸೇರುವುದಿಲ್ಲ. ಗಂಡ ಹೆಂಡತಿ ಸೇರಿ ಚಹಾ ಕಾಸಿ ಬದುಕುವ ಹೋಟೆಲಿನ ಒಲೆ, ಒಬ್ಬಾಕೆ ಮನೆಯಲ್ಲಿ ಕೂತು ಹೊಲಿಯುವ ಯಂತ್ರ, ಸ್ವಂತ ಆಟೋ ಓಡಿಸುವವನ ಬ್ಯಾಟರಿ ಈ ಲೆಕ್ಕಕ್ಕೆ ಬರುತ್ತವೆ. ಹತ್ತು ಹೋಟೆಲು ಇಟ್ಟ ಸಾಹುಕಾರರ ಮಾತು ಬೇರೆ.

ಈ ವಿವರಣೆಯನ್ನು ಪೇಟೆಯ ಸಣ್ಣ ಅಂಗಡಿಯವರೂ ಬಾಯಿಪಾಠ ಮಾಡುವುದು ಒಳ್ಳೆಯದು. ಯಾಕೆಂದರೆ ಗಲ್ಲಾಪೆಟ್ಟಿಗೆಯ ಆಚೆ ಕೂತವರು ಸಂಜೆ ಆರಕ್ಕೆ ಈಚೆ ಬರುತ್ತಾರೆ. ತಕ್ಕಡಿ, ಫ್ರಿಜ್ಜು, ಝೆರಾಕ್ಸ್ ಯಂತ್ರ, ಇನ್ವರ್ಟರು ಇವೆಲ್ಲ ಅಂಗಡಿಯವರು ಕೊಳ್ಳುವುದೂ ಇಂಥದೇ ಕಾರ್ಡು ನಂಬಿ.

ಅಂಗಡಿಯವರ ಗೋಳೂ ಸುಳ್ಳಲ್ಲ

ಒಂದೇ ಕಡೆಯ ಕಥೆ ಹೇಳಿದರೆ ನ್ಯಾಯವಲ್ಲ. ಪೇಟೆಯ ಒಬ್ಬ ಹಾರ್ಡ್‌ವೇರ್ ವರ್ತಕರು ತಮ್ಮ ಕಷ್ಟ ಹೀಗೆ ತೋಡಿಕೊಂಡರು: "ಕಂಪನಿ ಏಜೆಂಟು ಆರ್ಡರ್ ತಗೊಳ್ಳೋಕೆ ತಿಂಗಳಿಗೆ ಎರಡು ಸಲ ಬರ್ತಾನೆ. ಕೆಟ್ಟ ಸಾಮಾನು ವಾಪಸ್ ತಗೊಂಡೋಗು ಅಂದ್ರೆ ಆರು ತಿಂಗಳು ಮುಖ ತೋರ್ಸಲ್ಲ. ನಾನು ಗಿರಾಕಿಗೆ ಬದಲಿ ಕೊಟ್ರೆ ನನ್ನ ಜೇಬಿಂದ ಹೋಗ್ತದೆ. ಲಾರಿ ಬಾಡಿಗೆಯೂ ನನ್ನದೇ."

ಇದು ನಿಜ. ಆದರೆ ಇದರ ಮದ್ದು ಯಾರ ಕೈಯಲ್ಲಿದೆ? ಕ್ರಾಸಿನ ಚಹಾ ಹೋಟೆಲಿನವರ ಕೈಯಲ್ಲಂತೂ ಇಲ್ಲ. ಅವರಿಗೆ ಕಂಪನಿ ಎಲ್ಲಿದೆ ಅನ್ನುವುದೇ ಗೊತ್ತಿಲ್ಲ, ಗೊತ್ತಿರುವುದು ಅಂಗಡಿಯ ಬಾಗಿಲೊಂದೇ. ವರ್ಷಕ್ಕೆ ಐವತ್ತು ಒಲೆ ಮಾರುವ ವರ್ತಕರ ಮಾತಿಗೆ ಏಜೆಂಟು ಬಗ್ಗದಿದ್ದರೆ, ಒಂದು ಒಲೆ ಕೊಂಡವರ ಮಾತಿಗೆ ಬಗ್ಗುತ್ತಾನೆಯೇ? ಹಾಗಾಗಿ ಕಂಪನಿಯ ಜೊತೆಗಿನ ಜಗಳ ವರ್ತಕರದ್ದು. ಅದನ್ನು ಗೋಣಿಚೀಲದಲ್ಲಿ ಸುತ್ತಿ ಗಿರಾಕಿಯ ತೊಡೆಯ ಮೇಲಿಡುವುದು ತರವಲ್ಲ.

ಲಾಭ ನನ್ನದು, ದೋಷ ಕಂಪನಿಯದು ಅನ್ನುವ ವ್ಯಾಪಾರ ಬಹಳ ದಿನ ನಡೆಯುವುದಿಲ್ಲ. ಮೊಬೈಲಿನಲ್ಲೇ ಆರ್ಡರ್ ಮಾಡಿ ಮನೆಗೆ ತರಿಸುವ ಕಾಲ. ದೂರದ ವ್ಯಾಪಾರಿಗಳಿಗಿಂತ ಊರಿನ ಅಂಗಡಿ ಮೇಲು ಎನ್ನಲಿಕ್ಕೆ ಉಳಿದಿರುವ ಒಂದೇ ಕಾರಣ ಯಾವುದು? "ಕೆಟ್ಟರೆ ಹೋಗಿ ಕೇಳಬಹುದು, ಮುಖ ಪರಿಚಯ ಇದೆ" ಎನ್ನುವುದು. ಕೇಳಲು ಹೋದಾಗ ಮುಖ ತಿರುಗಿಸಿದರೆ ಆ ಕಾರಣವೂ ಹೋಯಿತು.

ಗಿರಾಕಿಗಳ ತಪ್ಪು

ಗಿರಾಕಿಗಳೂ ಹೊಗೆ ಹಾಕುವುದರಲ್ಲಿ ಹಿಂದೆ ಬಿದ್ದಿಲ್ಲ. "ಬಿಲ್ ಬೇಕಾ, ಬೇಡ್ವಾ? ಬೇಡ ಅಂದ್ರೆ ಜಿಎಸ್‌ಟಿ ಉಳೀತದೆ" ಎಂದು ಅಂಗಡಿಯವರು ಕೇಳಿದ ಕೂಡಲೇ ಹತ್ತರಲ್ಲಿ ಏಳು ಜನ "ಬೇಡ ಬಿಡಿ" ಅನ್ನುವವರೇ. ಆ ಗಳಿಗೆಯಲ್ಲಿ ಉಳಿಸಿದ್ದು ನೂರಾರು ರೂಪಾಯಿ, ಕಳೆದುಕೊಂಡದ್ದು ಇಡೀ ವರ್ಷದ ಗ್ಯಾರಂಟಿ. ಬಿಲ್ಲಿಲ್ಲದ ಕಾರ್ಡು ಲಗ್ನವಿಲ್ಲದ ಲಗ್ನಪತ್ರಿಕೆ. ಮಾರಿದ ತಾರೀಕಿಲ್ಲ, ಮೊಹರಿಲ್ಲ, ಸಹಿ ಇಲ್ಲ. ವರ್ಷ ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು ಎಂದು ಯಾರು ಹೇಳಬೇಕು?

ಚಹಾ ಹೋಟೆಲಿನವರು ಪುಣ್ಯಕ್ಕೆ ಬಿಲ್ಲು ತೆಗೆದುಕೊಂಡಿದ್ದರು. ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟಿದ್ದರು. ಆ ಪಟವೇ ಅವರನ್ನು ಕಾಯಿತು ಎಂದರೆ ತಪ್ಪಲ್ಲ.

ಇನ್ನು ಕೊಳ್ಳುವಾಗ ನೋಡುವುದೂ ಬೇಕು. ಸಂತೆಯಲ್ಲಿ ಮಡಕೆ ಕೊಳ್ಳುವ ಅಜ್ಜಿ ಬೆರಳ ಗಿಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿಯೇ ದುಡ್ಡು ಬಿಚ್ಚುತ್ತಾಳೆ. ಹತ್ತು ಸಾವಿರದ ಒಲೆ ಕೊಳ್ಳುವ ಮೊಮ್ಮಗ ಬಣ್ಣ ನೋಡಿ ಕೊಳ್ಳುತ್ತಾನೆ! ಬೀಡು ಕಬ್ಬಿಣದ ಬಾಗಿಲಿಗೂ ಅಜ್ಜಿಯ ಪರೀಕ್ಷೆಯೇ ಸಾಕು. ಕೀಲಿನಿಂದ ಬಿಡಿಸಿ ಎತ್ತಿ ಹಿಡಿದು ನಾಣ್ಯದಿಂದ ತಟ್ಟಿದರೆ ಒಳ್ಳೆಯ ಎರಕ ಗಂಟೆಯಂತೆ ನುಡಿಯುತ್ತದೆ, ಬಿರುಕಿದ್ದದ್ದು 'ದಬ್' ಅನ್ನುತ್ತದೆ. ಮೊಬೈಲಿನ ಟಾರ್ಚು ಹಚ್ಚಿ ಒಲೆಯೊಳಗಿಟ್ಟು ಬಾಗಿಲು ಮುಚ್ಚಿದರೆ ಸಂದು ಎಲ್ಲೆಲ್ಲಿದೆ ಎಂದು ಬೆಳಕೇ ತೋರಿಸುತ್ತದೆ. ಎರಡು ನಿಮಿಷದ ಕೆಲಸ.

ಸ್ಪೀಡ್ ಪೋಸ್ಟಿನ ಮಹಿಮೆ

ಮೂರನೇ ಪ್ರಯಾಣವೂ ವ್ಯರ್ಥವಾದ ಸಂಜೆ ಹೋಟೆಲಿನವರು ಮನೆಗೆ ಬಂದು ಅಕ್ಕನ ಮಗನ ಕೈಯಲ್ಲಿ ಒಂದು ಕಾಗದ ಬರೆಸಿದರು. ದೊಡ್ಡ ಮಾತೇನೂ ಇಲ್ಲ. ಇಂಥ ದಿನ ಇಂಥ ನಂಬರಿನ ಬಿಲ್ಲಿನ ಮೇಲೆ ಒಲೆ ಕೊಂಡದ್ದು, ಇಂಥ ದಿನ ಬಾಗಿಲು ಒಡೆದದ್ದು, ಮೂರು ದಿನ ಬಂದು ಕೇಳಿದ್ದು, ಮೂರು ಬಗೆಯ ಉತ್ತರ ಸಿಕ್ಕಿದ್ದು. 15 ದಿನದೊಳಗೆ ಬಾಗಿಲು ಬದಲಿಸಿ ಕೊಡದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುವುದಾಗಿ ಕೊನೆಯ ಸಾಲು. ಜೊತೆಗೆ ಬಿಲ್ಲು, ಕಾರ್ಡಿನ ಝೆರಾಕ್ಸು, ಮುರಿದ ಮುಖದ ಎರಡು ಫೋಟೋ. ಒಂದು ಪ್ರತಿ ಅಂಗಡಿಗೆ, ಒಂದು ಪ್ರತಿ ಕಾರ್ಡಿನ ಹಿಂದೆ ಸಣ್ಣಕ್ಷರದಲ್ಲಿದ್ದ ಕಂಪನಿಯ ವಿಳಾಸಕ್ಕೆ, ಎರಡೂ ಸ್ಪೀಡ್ ಪೋಸ್ಟು.

ಏಳನೇ ದಿನ ಅಂಗಡಿಯಿಂದಲೇ ಫೋನು ಬಂತು. "ಏನ್ ಸ್ವಾಮಿ, ಇಷ್ಟಕ್ಕೆಲ್ಲ ಕಾಗದ ಬರೀತಾರಾ? ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ!"

ಮೂರು ಸಲ ಬಸ್ ಹತ್ತಿ ಹೇಳಿದ ಮಾತು ಕಿವಿಗೆ ಬಿದ್ದಿರಲಿಲ್ಲ. ಅಂಚೆಯವನು ತಂದ ಕಾಗದ ಕಣ್ಣಿಗೆ ಬಿತ್ತು.

ಹನ್ನೊಂದನೇ ದಿನ ಹೊಸ ಬಾಗಿಲು ಬಸ್ಸಿನ ಪಾರ್ಸೆಲ್ಲಿನಲ್ಲಿ ಕ್ರಾಸಿಗೆ ಬಂದಿಳಿಯಿತು. 1,400 ರೂಪಾಯಿ ಯಾರೂ ಕೇಳಲಿಲ್ಲ. ಎರಕಕ್ಕೆ ಗ್ಯಾರಂಟಿ ಇಲ್ಲ ಎಂಬ ಶಾಸ್ತ್ರವೂ ಮರೆತುಹೋಯಿತು. ಹೋಟೆಲಿನವರು ಬಾಗಿಲನ್ನು ನಾಣ್ಯದಿಂದ ತಟ್ಟಿ ನೋಡಿಯೇ ಪಾರ್ಸೆಲ್ ಪುಸ್ತಕಕ್ಕೆ ಸಹಿ ಹಾಕಿದರು.

ಗೆದ್ದರು ಎನ್ನೋಣವೇ? ಮೂರು ದಿನದ ವ್ಯಾಪಾರ, ಹೋಗಿ ಬರುವ ಬಸ್ ಚಾರ್ಜು, ಎರಡರಷ್ಟು ಉರಿದ ಸೌದೆ, ಸುಟ್ಟ ಸೀರೆ, ಇವಕ್ಕೆ ಬಾಗಿಲಿನ ಜೊತೆ ಏನೂ ಬರಲಿಲ್ಲ. ಕೇಳುವ ಹಕ್ಕು ಇತ್ತು, ಅವರು ಕೇಳಲಿಲ್ಲ. "ಸಾಕು ಮಾರಾಯ್ರೆ, ಒಲೆ ಮುಚ್ಚಿತಲ್ಲ" ಎಂದರು. ಸಣ್ಣ ಮನುಷ್ಯರ ಈ "ಸಾಕು" ಅನ್ನುವ ಮಾತನ್ನು ನಂಬಿಕೊಂಡೇ ಕೆಟ್ಟ ಮಾಲು ಮಾರುವವರು ಬದುಕುತ್ತಿದ್ದಾರೆ.

ಈಗ ಆಗಬೇಕಾದ್ದು

ಊರಿನ ವರ್ತಕರ ಸಂಘದವರು ಗಣಪತಿ ಹಬ್ಬಕ್ಕೆ ಪೆಂಡಾಲು ಹಾಕುತ್ತಾರೆ, ಬಂದ್ ಕರೆಗೆ ಬಾಗಿಲು ಹಾಕುತ್ತಾರೆ. ಜೊತೆಗೆ ಮೂರು ಸಣ್ಣ ಕೆಲಸ ಮಾಡಿದರೆ ಹೆಸರು ಉಳಿಯುತ್ತದೆ. ಒಂದು, ಗ್ಯಾರಂಟಿ ಇರುವ ಯಾವ ಸಾಮಾನನ್ನೂ ಬಿಲ್ಲಿಲ್ಲದೆ, ಕಾರ್ಡಿಗೆ ತಾರೀಕು ಮೊಹರಿಲ್ಲದೆ ಮಾರಬಾರದು ಎಂದು ಸದಸ್ಯರಿಗೆ ಕಟ್ಟಪ್ಪಣೆ ಮಾಡಲಿ. ಎರಡು, ವಾಪಸ್ ತಂದ ಸಾಮಾನಿಗೆ ಒಂದು ರಿಜಿಸ್ಟರು ಇಟ್ಟು, ತಂದವರ ಕೈಗೆ ರಸೀದಿ ಕೊಡಲಿ. ಮೂರು, ಬದಲಿ ಕೊಡದ ಕಂಪನಿಯ ಮಾಲನ್ನು ಇಡೀ ಪೇಟೆಯೇ ಇಳಿಸಿಕೊಳ್ಳುವುದಿಲ್ಲ ಎಂದು ಒಟ್ಟಾಗಿ ಹೇಳಲಿ. ಏಜೆಂಟು ಮೂರೇ ದಿನದಲ್ಲಿ ಮುಖ ತೋರಿಸುತ್ತಾನೋ ಇಲ್ಲವೋ ನೋಡಬಹುದು.

ಆಹಾರ ಮತ್ತು ನಾಗರಿಕ ಸರಬರಾಜು ಇಲಾಖೆಯವರಿಗೂ ಒಂದು ಮಾತು. ಪ್ರತಿ ಡಿಸೆಂಬರ್ 24ಕ್ಕೆ ಗ್ರಾಹಕರ ದಿನವೆಂದು ಸಭಾಂಗಣದಲ್ಲಿ ದೀಪ ಹಚ್ಚಿ, ಹಾರ ಹಾಕಿ, ಕೇಸರಿಬಾತು ತಿಂದು ಏಳುವುದಕ್ಕಿಂತ, 1915 ಅನ್ನುವ ನಾಲ್ಕು ಅಂಕಿಯನ್ನು ಬಸ್ ನಿಲ್ದಾಣದ ಗೋಡೆಗಳ ಮೇಲೆ ಬರೆಸಿದರೆ ಪುಣ್ಯ ಬಂದೀತು. ಸಿನಿಮಾ ಪೋಸ್ಟರಿಗೆ ಇರುವ ಜಾಗ ಅದಕ್ಕೆ ಇಲ್ಲವೇ?

ಮತ್ತೆ ಚಳಿಗಾಲ ಬರುತ್ತದೆ. ಅಡಿಕೆ ಕೊಯ್ಲಿನ ಹೊತ್ತಿಗೆ ಮಲೆನಾಡಿನ ಅಂಗಳಗಳಲ್ಲಿ ಅಡಿಕೆ ಬೇಯಿಸುವ ಒಲೆಗಳು ಉರಿಯುತ್ತವೆ, ಬಚ್ಚಲು ಮನೆಯ ಹಂಡೆ ಒಲೆಗಳು ಉರಿಯುತ್ತವೆ. ಹೊಸ ಒಲೆ, ಹೊಸ ಬಾಯ್ಲರು ಕೊಳ್ಳುವವರು ಪೇಟೆಗೆ ಬರುತ್ತಾರೆ. ಬಣ್ಣದ ಕಾರ್ಡುಗಳೂ ಬರುತ್ತವೆ. ಕಾರ್ಡಿನ ಮೇಲೆ ಅಚ್ಚು ಹಾಕುವುದು ಕಂಪನಿ, ಆದರೆ ಅದನ್ನು ಕೈಗೆ ಕೊಡುವುದು ಊರಿನ ಅಂಗಡಿಯವರು. ಕೈಗೆ ಕೊಟ್ಟ ಮಾತಿಗೆ ಕೊಟ್ಟವರೇ ಹೊಣೆ.

ಕ್ರಾಸಿನ ಹೋಟೆಲಿನಲ್ಲಿ ಒಲೆ ಈಗ ಬಾಯಿ ಮುಚ್ಚಿಕೊಂಡು ಚೆನ್ನಾಗಿ ಉರಿಯುತ್ತಿದೆ. ಬಾಯಿ ಮುಚ್ಚಬೇಕಾದ್ದು ಒಲೆ, ಗಿರಾಕಿಯಲ್ಲ.